ಒಂದು ಸಣ್ಣ ವಿರಾಮದ ನಂತರ

ಮಾರ್ಚ್ ೧೧

ಪ್ರೀತಿಯ ಅತ್ತಿಗೆ,

ನಮಸ್ಕಾರ. ಫೋನ್ ಮಾಡೋಣವೆಂದರೆ ನಮ್ಮ ಮನೆಯ ಫೋನಿನ ತಂತಿಯನ್ನೇ ಕಿತ್ತಿಟ್ಟಿದ್ದೇವೆ. ಯಾರೋ ಪುಣ್ಯಾತ್ಮರು ನಮ್ಮ ನಂಬರನ್ನು ಊರಿಗೆಲ್ಲ ಹಂಚಿದ್ದಾರೆ. ಕೆಲವರು ಬೈಯುತ್ತಾರೆ, ಕೆಲವರು ಏನೂ ಮಾತಾಡದೆ ಸುಮ್ಮನೆ ಉಸಿರು ಬಿಡುತ್ತಾರೆ. ಬೈಯುವವರೇ ವಾಸಿ. ಅದಕ್ಕೇ ಈ ಕಾಗದ.

ನನ್ನ ಬೆಳಗಿನ ವಾರ್ತೆಯನ್ನು ಅಮ್ಮ ದಿನಾ ನೋಡುತ್ತಾಳೆ, ಆದ್ದರಿಂದ ಕಳೆದ ವಾರ ಆದದ್ದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಆದರೂ ಪೇಪರಿನವರು ಬರೆದದ್ದು ಬೇರೆ, ನಡೆದದ್ದು ಬೇರೆ. ನನ್ನ ಬಾಯಿಂದಲೇ ಕೇಳಿಬಿಡಿ.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ ಇನ್ನೂ ಒಂದು ವಾರ ಆಗಿರಲಿಲ್ಲ. ಆ ದಿನ ಗುಂಡನನ್ನು ನೋಡಿಕೊಳ್ಳುವಾಕೆಗೆ ಜ್ವರ ಬಂತು. ಇವರಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ಎಕ್ಸ್‌ರೇ ತೆಗೆಯುವ ಕೋಣೆಗೆ ಮಗುವನ್ನು ಕರೆದುಕೊಂಡು ಹೋಗುವಂತಿಲ್ಲ. ನಾನೇ ಬುಟ್ಟಿಯಲ್ಲಿ ಮಲಗಿಸಿಕೊಂಡು ಸ್ಟುಡಿಯೋಗೆ ಹೋದೆ. ಮೇಕಪ್ ಮಾಡುವ ಅಕ್ಕ "ನನ್ನ ರೂಮಲ್ಲಿ ಬಿಟ್ಟೋಗು, ನಾನು ನೋಡ್ಕೋತೀನಿ" ಅಂದಳು. ಅರ್ಧ ವಾರ್ತೆ ಮುಗಿಯುವವರೆಗೆ ಅವನು ಒಳ್ಳೆಯ ಮಗುವಾಗಿದ್ದ. ಆಮೇಲೆ ಅಳು ಹಚ್ಚಿದ. ನಾನು "ಒಂದು ಸಣ್ಣ ವಿರಾಮದ ನಂತರ ಮತ್ತೆ ಭೇಟಿಯಾಗೋಣ" ಅಂದ ಕೂಡಲೇ ಅಕ್ಕ ಅವನನ್ನು ಎತ್ತಿಕೊಂಡು ಓಡಿ ಬಂದಳು.

"ನಿನ್ನ ಮಗ ಕೂಗಿ ಕೂಗಿ ನನ್ನ ಕನ್ನಡಿ ಒಡೀತಾನೆ. ಎರಡು ಗುಟುಕು ಕೊಟ್ಬಿಡು, ಸಾಕು" ಅಂದಳು.

ಕ್ಯಾಮೆರಾದ ಮೇಲಿನ ಕೆಂಪು ದೀಪ ಆರಿತ್ತು. ನೋಡಿಕೊಂಡೇ ಕೋಟಿನ ಗುಂಡಿ ಬಿಚ್ಚಿದೆ. ಅಷ್ಟರಲ್ಲಿ ಜಾಹೀರಾತಿನ ಟೇಪು ಸಿಕ್ಕಿಹಾಕಿಕೊಂಡಿತಂತೆ. ಪರದೆ ಕಪ್ಪಾಗಬಾರದೆಂದು ಕಂಟ್ರೋಲ್ ರೂಮಿನವರು ಗಾಬರಿಯಲ್ಲಿ ಕೈಗೆ ಸಿಕ್ಕ ಗುಂಡಿ ಒತ್ತಿದರು. ಅದು ನನ್ನ ಮುಂದಿದ್ದ ಕ್ಯಾಮೆರಾದ್ದು. ನಾನು ಗುಂಡನಿಗೆ "ನಿಧಾನ, ಯಾರೂ ಕಿತ್ಕೊಳಲ್ಲ" ಎಂದು ಹೇಳುತ್ತಿದ್ದೆ. ಅದೂ ಎಲ್ಲರಿಗೂ ಕೇಳಿಸಿದೆ. ತಲೆ ಎತ್ತಿದರೆ ಕೆಂಪು ದೀಪ ಉರಿಯುತ್ತಿದೆ.

ನಡೆದದ್ದು ಅಷ್ಟೇ, ಅತ್ತಿಗೆ. ಆ ಹೊತ್ತಿಗೆ ಒಂದು ಲೋಟ ನೀರು ಕುಡಿದು ಮುಗಿಸಲೂ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಅಸಭ್ಯತೆ ಆಯಿತು. ಸಂಜೆಗೆ ದೇಶದ ಮಾನದ ಪ್ರಶ್ನೆ ಆಯಿತು. ಇನ್ನೊಂದು ಚಾನೆಲ್‌ನಲ್ಲಿ ಐದು ಜನ ಗಂಡಸರು ಕೂತು ಇಂಥದ್ದನ್ನು ಮನೆಮಂದಿ ನೋಡಬೇಕೇ ಎಂದು ಚರ್ಚೆ ಮಾಡಿದರು. ಅವರ ಬೆನ್ನ ಹಿಂದಿನ ಪರದೆಯಲ್ಲಿ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಪ್ರಸಾರ ಮಂಡಳಿಗೆ ದೂರುಗಳು ಮೂಟೆಗಟ್ಟಲೆ ಹೋಗಿವೆಯಂತೆ. ವಿಚಾರಣೆ ನಡೆಯುತ್ತದೆ. ಅಲ್ಲಿಯವರೆಗೆ ನನಗೆ ಮನೆಯಲ್ಲಿರಲು ಹೇಳಿದ್ದಾರೆ.

ನಾನು ಚೆನ್ನಾಗಿದ್ದೇನೆ. ಸ್ಟುಡಿಯೋದಲ್ಲೂ ಎಲ್ಲರೂ ಚೆನ್ನಾಗಿದ್ದಾರೆ. ಗುಂಡ ಅಂತೂ ತನಗೇನೂ ಸಂಬಂಧವಿಲ್ಲದಂತೆ ಮೈ ಕೈ ತುಂಬಿಕೊಳ್ಳುತ್ತಿದ್ದಾನೆ.

ಅಣ್ಣ ಏನಂದ? ಅವನ ಬಸ್ಸಿನಲ್ಲಿ ದಿನಾ ಅಷ್ಟು ಜನ ಹತ್ತಿ ಇಳಿಯುತ್ತಾರೆ, ಅವನ ಕಿವಿಗೆ ಏನೇನು ಬೀಳುತ್ತಿದೆಯೋ ಎಂದು ಯೋಚನೆ. ಒಂದು ಸಾಲು ಬರೆಯಲು ಹೇಳಿ.

ನಿಮ್ಮ
ಗಿಣಿ


ಮಾರ್ಚ್ ೧೬

ಗಿಣಿ,

ನಿನ್ನ ಕಾಗದ ನಿನ್ನೆ ಬಂತು. ನೀನು ಚೆನ್ನಾಗಿದ್ದೇನೆ ಎಂದು ಎರಡು ಸಲ ಬರೆದಿದ್ದರೆ ನಂಬುತ್ತಿರಲಿಲ್ಲ. ಒಂದೇ ಸಲ ಬರೆದಿದ್ದೀಯ, ಅದಕ್ಕೆ ಅರ್ಧ ನಂಬಿದ್ದೇನೆ.

ನಾವು ನೋಡಿದೆವು. ನಾನು ತಿಂಡಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹೋಗಿ, "ಅಯ್ಯೋ, ಗುಂಡ ಎಷ್ಟು ದಪ್ಪ ಆಗಿದಾನೆ ನೋಡೇ" ಅಂದರು. ಅವರಿಗೆ ಕಂಡಿದ್ದು ಅಷ್ಟೇ. ಸಂಜೆ ಪಕ್ಕದ ಮನೆಯಾಕೆ ಬಂದು ಮುಖ ಸಣ್ಣ ಮಾಡಿಕೊಂಡು "ಪಾಪ, ನಿಮಗೆ ಎಷ್ಟು ಬೇಜಾರಾಗಿರಬೇಕು" ಎಂದು ಶುರು ಮಾಡಿದಳು. ಅತ್ತೆ ಅವಳನ್ನೊಮ್ಮೆ ನೋಡಿ, "ಹಸಿದ ಮಗೂಗೆ ಹಾಲು ಕೊಡದೆ ಮೈಕು ಕೊಡಬೇಕಿತ್ತೇನಮ್ಮ?" ಅಂದರು. ಅವಳು ತಂದಿದ್ದ ಪಾತ್ರೆಯನ್ನು ಇಲ್ಲೇ ಮರೆತು ಹೋದಳು.

ನನ್ನ ಕನ್ನಡಕದ ಅಂಗಡಿಗೆ ಬರುವವರೂ ಅದೇ ವಿಷಯ ಎತ್ತುತ್ತಾರೆ. ನಾನು ಅವರ ಕಣ್ಣಿಗೆ ದಪ್ಪನೆಯ ಗಾಜು ಸಿಕ್ಕಿಸಿ, "ಗೋಡೆ ಮೇಲಿನ ಅಕ್ಷರ ಓದಿ" ಅನ್ನುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ನಿನ್ನಣ್ಣ ಏನೂ ಅನ್ನಲಿಲ್ಲ. ಅವರು ಮಾತಾಡುವುದೇ ಕಡಿಮೆ, ನಿನಗೆ ಗೊತ್ತಲ್ಲ. ಈಗ ಕೆಲಸದ್ದೂ ಸ್ವಲ್ಪ ತಲೆಬಿಸಿ. ಕಾಗದ ಬರೆಯಲು ಪುರುಸೊತ್ತಿಲ್ಲ.

ನಿನ್ನ ಎದೆಹಾಲು ಕಡಿಮೆಯಾಗದಂತೆ ನೋಡಿಕೋ. ಯೋಚನೆ ಹೆಚ್ಚಾದರೆ ಅದು ಬತ್ತುತ್ತದೆ. ಊಟ ಬಿಡಬೇಡ.

ಅತ್ತಿಗೆ


ಮಾರ್ಚ್ ೨೪

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಓದಿ ಎಷ್ಟೋ ದಿನಗಳ ಮೇಲೆ ನಕ್ಕಂತಾಯಿತು. ಇವರಿಗೂ ಓದಿ ಹೇಳಿದೆ. ಆಸ್ಪತ್ರೆಯಲ್ಲಿ ಇವರನ್ನು ಈಗ "ಟಿವಿ ಮಗುವಿನ ಅಪ್ಪ" ಎಂದು ಕರೆಯುತ್ತಾರಂತೆ. ಇವರು ಅದನ್ನು ನಗುತ್ತಲೇ ಹೇಳುತ್ತಾರೆ, ಆದರೆ ಮನೆಗೆ ಬಂದ ಕೂಡಲೇ ಕಿಟಕಿಯ ಪರದೆ ಎಳೆಯುತ್ತಾರೆ. ಎದುರಿನ ಕಟ್ಟಡದಿಂದ ಯಾರೋ ಫೋಟೋ ತೆಗೆಯುವುದನ್ನು ಮೊನ್ನೆ ನೋಡಿದರು.

ಮೂರನೇ ಮಹಡಿಯ ಹೆಂಗಸು ಲಿಫ್ಟಿನಲ್ಲಿ ನಾನಿದ್ದರೆ ಮೆಟ್ಟಿಲು ಹತ್ತಿ ಹೋಗುತ್ತಾಳೆ. ಅವಳಿಗೆ ಮಂಡಿ ನೋವು ಬೇರೆ. ಅವಳು ಏದುಸಿರು ಬಿಡುವುದನ್ನು ಕೇಳಲಾರದೆ ಈಗ ನಾನೇ ಮೆಟ್ಟಿಲು ಹತ್ತುತ್ತೇನೆ.

ನಿನ್ನೆ ನಮ್ಮ ಸುದ್ದಿ ವಿಭಾಗದ ಮುಖ್ಯಸ್ಥರು ಮನೆಗೇ ಬಂದಿದ್ದರು. ಕಾಫಿ ಕುಡಿದರು, ಗುಂಡನ ಕೆನ್ನೆ ಹಿಂಡಿದರು, ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು. "ನನ್ನ ಅಸಭ್ಯ ವರ್ತನೆಯಿಂದ ವೀಕ್ಷಕರ ಮನಸ್ಸಿಗೆ ನೋವಾಗಿದೆ, ಅದಕ್ಕೆ ಕ್ಷಮೆ ಬೇಡುತ್ತೇನೆ" ಎಂದು ಅದರಲ್ಲಿದೆ. ವಿಚಾರಣೆಯ ದಿನ ನಾನು ಅದನ್ನು ಮಂಡಳಿಯ ಮುಂದೆ ಓದಬೇಕು.

"ಒಂದು ಪದ ನುಂಗ್ಕೊಳ್ಳಿ, ಚಾನೆಲ್ಲು ಉಳಿಯುತ್ತೆ. ನಿಮಗೂ ಒಳಗಡೆ ಏನಾದ್ರೂ ಕೆಲಸ ಕೊಡ್ತೀವಿ. ಪರದೆ ಮೇಲೆ ಬೇಡ, ಅಷ್ಟೆ" ಅಂದರು.

"ಅಸಭ್ಯ ಅನ್ನೋದನ್ನ ತೆಗೆದು ತಾಂತ್ರಿಕ ತೊಂದರೆ ಅಂತ ಹಾಕಬಹುದಲ್ವಾ ಸಾರ್?" ಎಂದು ಕೇಳಿದೆ.

"ತಾಂತ್ರಿಕ ಅಂದ್ರೆ ತಪ್ಪು ನಮ್ಮ ಮೇಲೆ ಬರುತ್ತೆ" ಅಂದರು. ಕೆಟ್ಟ ಮನುಷ್ಯರಲ್ಲ. ಹೆದರಿದ್ದಾರೆ.

ನನಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಇವರು "ನಿನ್ನಿಷ್ಟ" ಅನ್ನುತ್ತಾರೆ. ನನಗೆ ಈಗ ನನ್ನಿಷ್ಟ ಬೇಕಿಲ್ಲ, ಅಣ್ಣ ಬೈದು ಒಂದು ದಾರಿ ಹೇಳಬೇಕು. ನಮ್ಮ ಬೀದಿಯ ಅಂಗಡಿಯ ಫೋನಿನಿಂದ ಅವನ ಡಿಪೋಗೆ ಕರೆ ಮಾಡಿದ್ದೆ. ಅವನ ತಂಗಿ ಎಂದು ಹೇಳಿದೆ. ಆ ಕಡೆ ಇದ್ದವರು "ಅವರು ಫೋನಿಗೆ ಬರಲ್ಲಮ್ಮ" ಎಂದು ಇಟ್ಟುಬಿಟ್ಟರು.

ಅತ್ತಿಗೆ, ಅವನಿಗೆ ನನ್ನ ಮೇಲೆ ಕೋಪವಾ? ಇದ್ದರೆ ಇದೆ ಎಂದು ಬರೆಯಿರಿ. ತಡೆದುಕೊಳ್ಳುತ್ತೇನೆ. ಮುಂದಿನ ತಿಂಗಳು ಗುಂಡನನ್ನು ಕರೆದುಕೊಂಡು ಕೆಲವು ದಿನ ಅಲ್ಲಿಗೆ ಬಂದಿರಲೇ?

ಗಿಣಿ


ಮಾರ್ಚ್ ೩೦

ಗಿಣಿ,

ನಾನು ಎರಡು ಸಲ ಬರೆದು ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಚಿಕ್ಕದಾಗಿರುತ್ತದೆ.

ಆ ಹಾಳೆಯನ್ನು ಓದುವುದು ಬಿಡುವುದು ನಿನಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಅದರಲ್ಲಿ ಕೈ ಒರೆಸಿ ಬಿಸಾಡು ಅನ್ನುತ್ತೇನೆ. ಆದರೆ ಕೆಲಸ ನಿನ್ನದು, ಮನೆ ನಿನ್ನದು.

ನಿನ್ನಣ್ಣನನ್ನು ಈ ವಿಷಯದಲ್ಲಿ ಎಳೆಯುವುದು ಬೇಡ. ಅವರೀಗ ಅದನ್ನು ಮಾತಾಡುವ ಸ್ಥಿತಿಯಲ್ಲಿಲ್ಲ. ಡಿಪೋಗೆ ಮತ್ತೆ ಫೋನ್ ಮಾಡಬೇಡ.

ಬರುವ ವಿಷಯ. ಈಗ ಬೇಡ ಗಿಣಿ. ಎರಡು ತಿಂಗಳು ಹೋಗಲಿ. ಈಗ ಬಂದರೆ ನಿನಗೂ ಸರಿಹೋಗುವುದಿಲ್ಲ, ಅವರಿಗೂ ಸರಿಹೋಗುವುದಿಲ್ಲ. ಯಾಕೆ ಎಂದು ಕೇಳಬೇಡ.

ಅತ್ತೆ ಗುಂಡನಿಗೆ ಟೋಪಿ ಹೆಣೆಯುತ್ತಿದ್ದಾರೆ. ಬಿಸಿಲು ಶುರುವಾಗಿದೆ ಎಂದರೂ ಕೇಳುತ್ತಿಲ್ಲ.

ಅತ್ತಿಗೆ


ಏಪ್ರಿಲ್ ೬

ಅತ್ತಿಗೆಯವರಿಗೆ,

ಕಾಗದ ತಲುಪಿತು. ಅರ್ಥವಾಯಿತು.

ವಿಚಾರಣೆ ಇದೇ ತಿಂಗಳ ಹತ್ತೊಂಬತ್ತಕ್ಕೆ. ಚಾನೆಲ್‌ನವರು ಕೊಟ್ಟ ಹೇಳಿಕೆಯನ್ನೇ ಓದುತ್ತೇನೆಂದು ಮುಖ್ಯಸ್ಥರಿಗೆ ತಿಳಿಸಿದ್ದೇನೆ. ಅಣ್ಣನೇ ತಲೆ ತಗ್ಗಿಸಿಕೊಂಡು ಓಡಾಡುವಂತಾಗಿದ್ದರೆ ನಾನು ತಲೆ ಎತ್ತಿ ಯಾರಿಗೆ ತೋರಿಸಬೇಕು? ನಾನು ಚಿಕ್ಕವಳಿದ್ದಾಗ ಶಾಲೆಯ ವೇದಿಕೆಯ ಮೇಲೆ ಮಾತು ಮರೆತು ನಿಂತರೆ, ಹಿಂದಿನ ಬೆಂಚಿನಿಂದ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದವನು ಅವನೊಬ್ಬನೇ. ಅವನಿಗೂ ನಾಚಿಕೆಯಾಗುವಂಥದ್ದನ್ನು ನಾನು ಮಾಡಿದ್ದೇನೆಂದರೆ, ಆ ಹಾಳೆಯಲ್ಲಿ ಬರೆದದ್ದು ನಿಜವೇ ಇರಬೇಕು.

ಅವನಿಗೆ ಹೇಳಿ, ಅವನ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳುತ್ತೇನೆ. ಅಲ್ಲಿಗೆ ಬರುವುದೂ ಇಲ್ಲ. ಅಮ್ಮನಿಗೆ ಗುಂಡನನ್ನು ನೋಡಬೇಕೆನಿಸಿದರೆ ಇವರೊಂದಿಗೆ ಕಳಿಸುತ್ತೇನೆ.

ಟೋಪಿ ತಲುಪಿತು. ಅಮ್ಮನಿಗೆ ಥ್ಯಾಂಕ್ಸ್ ಹೇಳಿ.


ಏಪ್ರಿಲ್ ೧೦

ಗಿಣಿ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಒಡೆದೆ. ಓದಿ ಮುಗಿಸಿ ತಲೆ ಎತ್ತಿದರೆ ನಿನ್ನಣ್ಣ ಎದುರಿಗೇ ಕೂತಿದ್ದಾರೆ. ಡ್ರೈವರ್ ಯೂನಿಫಾರ್ಮ್ ಹಾಕಿಕೊಂಡು, ಸ್ಟೂಲಿನ ಮೇಲೆ, ಕನ್ನಡಕದ ಫ್ರೇಮುಗಳನ್ನು ಒಂದೊಂದಾಗಿ ಒರೆಸುತ್ತಾ. ಅವರಿಗೆ ಕೊಟ್ಟ ಮಾತನ್ನು ಈಗ ಮುರಿಯುತ್ತಿದ್ದೇನೆ. ಅವರು ನೋಡಿದರೆ ಕನ್ನಡಕದ ಬಿಲ್ಲು ಬರೆಯುತ್ತಿದ್ದೇನೆ ಅಂದುಕೊಳ್ಳಲಿ.

ನೀನು ಟಿವಿಯಲ್ಲಿ ಕಂಡ ಮೂರನೇ ದಿನ. ಬೆಳಿಗ್ಗೆ ಆಫೀಸಿಗೆ ಹೋಗುವವರ ಹೊತ್ತು, ಬಸ್ಸು ತುಂಬಿತ್ತು. ಆ ಬಸ್ಸಿನ ಕಂಡಕ್ಟರು ನನಗೆ ಹೇಳಿದ್ದನ್ನೇ ಬರೆಯುತ್ತೇನೆ. ಮುಂದಿನ ಸೀಟಿನಲ್ಲಿ ಒಬ್ಬ ಆಸಾಮಿ ಪೇಪರ್ ಬಿಡಿಸಿ ನಿನ್ನ ಫೋಟೋ ನೋಡಿ ಶುರು ಮಾಡಿದನಂತೆ. "ಬೆಳಗಿನ ವಾರ್ತೆ ಜೊತೆ ಈಗ ಹಾಲೂ ಕೊಡ್ತಾರೆ ಕಣ್ರೀ, ಡೈರಿಯವರು ಬಾಗಿಲು ಹಾಕ್ಬೇಕಷ್ಟೆ" ಅಂದ. ಸುತ್ತಲಿನವರು ನಕ್ಕರು. ಅವನಿಗೆ ಹುರುಪು ಬಂತು. ಅಲ್ಲಿಂದ ಮುಂದೆ ಅವನು ಅಂದದ್ದನ್ನು ಕಂಡಕ್ಟರು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೇತುವೆಯ ಮೇಲೆ ಬಸ್ಸು ನಿಂತಿತು. ನಿನ್ನಣ್ಣ ಸೀಟಿನಿಂದ ಎದ್ದು ಹಿಂದೆ ತಿರುಗಿ, "ಇಳೀರಿ" ಅಂದರು.

"ನನ್ನ ಸ್ಟಾಪ್ ಇನ್ನೂ ಬಂದಿಲ್ಲ" ಅಂದ ಅವನು.

"ಬಂದಿದೆ. ಇದೇ ನಿಮ್ಮ ಸ್ಟಾಪು."

ಅವನು ಇಳಿಯಲಿಲ್ಲ. ಟಿಕೆಟ್ ತೋರಿಸಿ ವಾದ ಮಾಡಿದ. ನಿನ್ನಣ್ಣ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಎಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಕೆಳಗಿಳಿದು ಸೇತುವೆಯ ಕಟ್ಟೆಗೆ ಒರಗಿ ನಿಂತರು. ಹಿಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಇವರು ನದಿ ನೋಡುತ್ತಾ ನಿಂತಿದ್ದರಂತೆ. ಕೊನೆಗೆ ಒಳಗಿದ್ದ ಜನಕ್ಕೇ ತಡೆಯಲಾಗದೆ ಆ ಆಸಾಮಿಯನ್ನು ಇಳಿಸಿದರು. ಇವರು ಬಂದು ಕೂತು ಬಸ್ಸು ಓಡಿಸಿದರು.

ಆ ಆಸಾಮಿ ದೂರು ಕೊಟ್ಟ. ಮಾರನೇ ದಿನವೇ ಇವರನ್ನು ಕೆಲಸದಿಂದ ಅಮಾನತು ಮಾಡಿದರು. ಡಿಪೋ ಮ್ಯಾನೇಜರ್ ಕಾರಣ ಕೇಳಿದರೆ, "ಪ್ರಯಾಣಿಕರು ಸರಿಯಾಗಿ ನಡ್ಕೊಳ್ಳಲಿಲ್ಲ" ಅಂದರಂತೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ನಾನು ಮನೆಯಲ್ಲಿ ಜಗಳವಾಡಿದೆ. "ಅವಳು ನನ್ನ ತಂಗಿ ಅಂತ ಹೇಳೋಕೆ ನಿಮಗೇನು ಕಷ್ಟ?" ಎಂದು ಕೇಳಿದೆ.

"ಹೇಳಿದ್ರೆ ನಾಳೆ ಪೇಪರಲ್ಲಿ ಅದೂ ಬರುತ್ತೆ. ಅವಳ ಅಣ್ಣ ಸೇತುವೆ ಮೇಲೆ ಬಸ್ಸು ನಿಲ್ಲಿಸ್ದ ಅಂತ. ಮತ್ತೆ ಅವಳ ಫೋಟೋ ಹಾಕ್ತಾರೆ. ಇರೋದೇ ಸಾಕಾಗಿದೆ ಅದಕ್ಕೆ" ಅಂದರು. ನಿನಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ನಿನ್ನಿಂದಾಗಿ ಕೆಲಸ ಹೋಯಿತೆಂದು ನೀನು ಕೊರಗುತ್ತೀಯಂತೆ.

ಅತ್ತೆಗೂ ಹೇಳಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಡ್ಯೂಟಿಗೆ ಹೊರಡುವಂತೆ ಹೊರಟು, ನನ್ನ ಅಂಗಡಿಗೆ ಬಂದು ಕೂರುತ್ತಾರೆ. ಗಿರಾಕಿಗಳು ಇವರನ್ನು ನೋಡಿ ಬಸ್ ನಿಲ್ದಾಣಕ್ಕೆ ಬಂದೆವೇನೋ ಎಂದು ಬೋರ್ಡು ನೋಡುತ್ತಾರೆ.

ಗಿಣಿ, ಅವರು ನಾಚಿಕೆಯಿಂದ ಸುಮ್ಮನಿದ್ದಾರೆಂದು ನೀನು ತಿಳಿದೆ. ನಾನು ಮುಚ್ಚಿಟ್ಟು ಬರೆದದ್ದು ಹಾಗೆ ಓದಿಸಿಕೊಂಡಿತು. ಆ ಹಾಳೆಯನ್ನು ನೀನು ಓದುವುದಾದರೆ ನಿನ್ನ ಸಲುವಾಗಿ ಓದು. ಇವರ ಸಲುವಾಗಿ ಓದಬೇಡ. ಇವರು ಇದಕ್ಕಾಗಿ ಒಂದು ಸೇತುವೆಯನ್ನೇ ನಿಲ್ಲಿಸಿದ್ದಾರೆ.

ಅತ್ತಿಗೆ


ಏಪ್ರಿಲ್ ೨೦

ನನ್ನ ಅತ್ತಿಗೆ,

ನಿಮ್ಮ ಕಾಗದ ವಿಚಾರಣೆಗೆ ಮೂರು ದಿನ ಮುಂಚೆ ಬಂತು. ಮೆಟ್ಟಿಲ ಮೇಲೆಯೇ ಕೂತು ಓದಿದೆ. ಮೂರನೇ ಮಹಡಿಯ ಹೆಂಗಸು ಇಳಿದು ಬರುತ್ತಿದ್ದವಳು ನಾನು ಅಳುವುದನ್ನು ನೋಡಿ ನಿಂತಳು. ತನ್ನ ಕರವಸ್ತ್ರ ಕೊಟ್ಟು ಹೋದಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಅಣ್ಣ ನದಿ ನೋಡುತ್ತಾ ನಿಂತದ್ದು ಕಣ್ಣಿಗೆ ಕಟ್ಟಿದಂತಿತ್ತು.

ನಿನ್ನೆ ವಿಚಾರಣೆ ಆಯಿತು. ಉದ್ದನೆಯ ಮೇಜು, ಹಸಿರು ಬಟ್ಟೆ, ಪ್ರತಿಯೊಬ್ಬರ ಮುಂದೆ ನೀರಿನ ಲೋಟ. ಅಧ್ಯಕ್ಷರು ವಯಸ್ಸಾದವರು, ನಿವೃತ್ತ ನ್ಯಾಯಾಧೀಶರು. ಅವರ ಪಕ್ಕದಲ್ಲಿ ಕತ್ತರಿಸಿದ ಬಿಳಿ ಕೂದಲಿನ ಒಬ್ಬ ಹೆಂಗಸು, ಹಿಂದೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಶುರುವಿನಿಂದಲೂ ಅವರದ್ದೇ ಗಟ್ಟಿ ದನಿ. ಇವರು ಗುಂಡನನ್ನು ಎತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನಮ್ಮ ಮುಖ್ಯಸ್ಥರು ನನ್ನ ಪಕ್ಕದಲ್ಲಿ.

ಅಧ್ಯಕ್ಷರು "ನಿಮ್ಮ ಹೇಳಿಕೆ ಓದಿ" ಅಂದರು.

"ಇದು ನಾನು ಬರೆದದ್ದಲ್ಲ ಸಾರ್. ಬಾಯಲ್ಲೇ ಹೇಳಬಹುದಾ?" ಅಂದೆ. ಮುಖ್ಯಸ್ಥರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮೆತ್ತಗೇ ತುಳಿದರು, ಪಾಪ.

"ಹೇಳಿ."

"ಮಗುನ ಸ್ಟುಡಿಯೋಗೆ ಕರ್ಕೊಂಡು ಹೋಗಿದ್ದು ತಪ್ಪು. ನೆಲದ ತುಂಬ ವೈರ್ ಇರುತ್ತೆ, ದೀಪಗಳು ಸುಡ್ತಿರುತ್ತವೆ. ಅದಕ್ಕೆ ಕ್ಷಮೆ ಕೇಳ್ತೀನಿ. ಮುಜುಗರ ಆದವರಿಗೂ ಕ್ಷಮೆ ಕೇಳ್ತೀನಿ, ಅವರ ಮನೆಗೆ ಹೇಳದೆ ಕೇಳದೆ ನುಗ್ಗಿದ ಹಾಗಾಯ್ತು. ಆದ್ರೆ ಹಾಲು ಕುಡಿಸಿದ್ದಕ್ಕೆ ಕೇಳಲ್ಲ. ಅದನ್ನ ಅಸಭ್ಯ ಅಂತ ನನ್ನ ಬಾಯಿಂದ ಹೇಳಿದ್ರೆ, ನಾಳೆ ನನ್ನ ಮಗನ ಮುಖ ನೋಡಿ ಹಾಲು ಕೊಡೋಕಾಗಲ್ಲ."

ಬಿಳಿ ಕೂದಲಿನವರು, "ಎಲ್ಲ ತಾಯಂದಿರೂ ಕುಡಿಸ್ತಾರೆ. ಎಲ್ಲರೂ ದೇಶದ ಮುಂದೆ ಕೂತು ಕುಡಿಸಲ್ಲ" ಅಂದರು.

"ನಾನೂ ದೇಶದ ಮುಂದೆ ಕೂತಿರಲಿಲ್ಲ ಮೇಡಂ. ದೀಪ ಆರಿತ್ತು."

ಅವರು ಇನ್ನೇನೋ ಕೇಳಲು ಬಾಯಿ ತೆರೆದರು. ಅದೇ ಹೊತ್ತಿಗೆ ಹೊರಗೆ ಗುಂಡ ಶುರು ಮಾಡಿದ. ಮೊದಲು ಸಣ್ಣಗೆ. ಆಮೇಲೆ ಇವರು ಎತ್ತಿಕೊಂಡು ಅಡ್ಡಾಡುವ ಬೂಟಿನ ಸದ್ದು. ಆಮೇಲೆ ನಿಮಗೆ ಗೊತ್ತಲ್ಲ ಅವನ ಗಂಟಲು, ಬಾಗಿಲು ಮುಚ್ಚಿದ್ದರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತಾಯಿತು. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ಕೆಳಗಿಟ್ಟರು. ನನಗೆ ಎದೆ ಒದ್ದೆಯಾಗುವುದು ತಿಳಿಯಿತು. ಕೋಟನ್ನು ಎಳೆದುಕೊಂಡು ಕೂತೆ.

ಅಧ್ಯಕ್ಷರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಹಸಿದಿದೆ ಅನ್ಸುತ್ತೆ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹೋಗಿ ಬನ್ನಮ್ಮ. ನಾವು ಕಾಯ್ತೀವಿ."

ಹೊರಗೆ ಬಂದೆ. ಬಿಳಿ ಕೂದಲಿನವರೂ ನನ್ನ ಹಿಂದೆಯೇ ಎದ್ದು ಬಂದರು. ನನ್ನನ್ನು ಇನ್ನೂ ಏನೋ ಅನ್ನುತ್ತಾರೆ ಅಂದುಕೊಂಡೆ. ಅವರು ಒಂದು ಸಣ್ಣ ಕೋಣೆಯ ಬಾಗಿಲು ತೆಗೆದು, ಕುರ್ಚಿಯ ಮೇಲಿದ್ದ ಫೈಲುಗಳನ್ನು ನೆಲಕ್ಕೆ ಸರಿಸಿ, "ಇದರ ಚಿಲಕ ನಿಲ್ಲಲ್ಲ. ನಾನು ಹೊರಗೆ ಹಿಡ್ಕೊಂಡಿರ್ತೀನಿ" ಅಂದರು. ಗುಂಡ ಎರಡೂ ಕಡೆ ಕುಡಿದು ಮುಗಿಸುವವರೆಗೆ ಬಾಗಿಲು ಹಿಡಿದುಕೊಂಡು ನಿಂತಿದ್ದರು. ಯಾರೋ ಬಂದು ಏನೋ ಕೇಳಿದ್ದಕ್ಕೆ "ಆಮೇಲೆ ಬನ್ನಿ" ಎಂದು ಗದರಿದ್ದು ಕೇಳಿಸಿತು.

ಮರಳಿ ಬಂದು ಕೂತಾಗ ಕೋಣೆಯ ಗಾಳಿಯೇ ಬೇರೆಯಾಗಿತ್ತು. ಆಮೇಲೆ ಕೇಳಿದ್ದೆಲ್ಲ ಟೇಪಿನ ವಿಷಯ, ಗುಂಡಿಯ ವಿಷಯ. ತೀರ್ಮಾನ ಮುಂದಿನ ತಿಂಗಳು. ಏನಾದರೂ ಆಗಲಿ ಅತ್ತಿಗೆ, ನಿನ್ನೆಯಿಂದ ನನಗೆ ಹಸಿವಾಗುತ್ತಿದೆ.

ಅಣ್ಣನ ವಿಷಯ. ನಾನು ಡಿಪೋ ಮ್ಯಾನೇಜರಿಗೆ ಕಾಗದ ಬರೆಯುತ್ತೇನೆ. ನೀವು ಬೇಡವೆಂದರೂ ಬರೆಯುತ್ತೇನೆ.

ನಿಮ್ಮ
ಗಿಣಿ


ಏಪ್ರಿಲ್ ೨೮

ಗಿಣಿ,

ಬರೆಯಬೇಡ. ಬೇಕಾಗಿಲ್ಲ. ಯಾಕೆ ಎಂದು ಈ ಸಲ ಕೇಳಬಹುದು.

ಸೋಮವಾರ ಬೆಳಿಗ್ಗೆ ನಿನ್ನಣ್ಣ ಯೂನಿಫಾರ್ಮ್ ಹಾಕಿಕೊಂಡು ಹೊರಟರು. ಅತ್ತೆ ಬಾಗಿಲಲ್ಲಿ ನಿಂತು, "ಇವತ್ತೂ ಕನ್ನಡಕ ಒರೆಸೋಕೆ ಹೋಗ್ತಿದೀಯಾ?" ಅಂದರು.

ಇವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಬಸ್ಸು ಓಡಿಸಿ ಬಂದವನ ಕಾಲರು ಇಷ್ಟು ಬೆಳ್ಳಗಿರುತ್ತೇನೋ? ಒಂದೂವರೆ ತಿಂಗಳಿಂದ ನಿನ್ನ ಶರ್ಟು ಒಗೆಯೋಕೆ ಸೋಪೇ ಖರ್ಚಾಗ್ತಿಲ್ಲ" ಅಂದರು ಅತ್ತೆ. ಅವರಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ಮಗ ತಾನಾಗಿ ಹೇಳಲಿ ಎಂದು ಕಾದಿದ್ದರಂತೆ. ನಾವು ಮೂವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಓಡಾಡಿದ್ದೇವೆ ನೋಡು.

ಇವರು ಎಲ್ಲ ಹೇಳಿದರು. ಅತ್ತೆ ಸುಮ್ಮನೆ ಕೇಳಿಸಿಕೊಂಡು, ಒಳಗೆ ಹೋಗಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರು. "ನಡಿ ಡಿಪೋಗೆ" ಅಂದರು ನನಗೆ. ಇವರು ಬೇಡ ಬೇಡ ಎಂದು ಅಡ್ಡ ನಿಂತರು. ಅತ್ತೆ ಅವರನ್ನು ಬದಿಗೆ ಸರಿಸಿದ ರೀತಿ ನೋಡಿದರೆ ಬಸ್ಸನ್ನೂ ಸರಿಸುತ್ತಿದ್ದರು.

ಮ್ಯಾನೇಜರ್ ಕುರ್ಚಿ ತೋರಿಸಿದರು. ಅತ್ತೆ ಕೂರಲಿಲ್ಲ. "ಅವತ್ತು ಟಿವೀಲಿ ಹಾಲು ಕುಡಿಸಿದೋಳು ನನ್ನ ಮಗಳು. ಬಸ್ಸು ನಿಲ್ಸಿದೋನು ನನ್ನ ಮಗ. ಈಗ ಹೇಳಿ, ನಿಮ್ಮ ತಂಗೀನ ಯಾರಾದ್ರೂ ನಿಮ್ಮೆದುರಿಗೇ ಹಾಗಂದ್ರೆ ನೀವು ಗಾಡಿ ಓಡಿಸ್ತ ಇರ್ತೀರಾ?" ಅಂದರು.

ಆ ಮನುಷ್ಯರೂ ಕುರ್ಚಿಯಿಂದ ಎದ್ದು ನಿಂತರು. "ಇದನ್ನ ಅವನು ಯಾಕಮ್ಮ ಹೇಳ್ಲಿಲ್ಲ?" ಅಂದರು.

"ಹೇಳೋನಾಗಿದ್ರೆ ನಾನ್ಯಾಕೆ ಬರ್ತಿದ್ದೆ?"

ಇವರನ್ನು ಕರೆಸಿದರು. ಹೆಸರು ಹೊರಗೆ ಹೋಗುವುದಿಲ್ಲ ಎಂದು ಮ್ಯಾನೇಜರ್ ಮಾತು ಕೊಟ್ಟರು. ದೂರು ಕೊಟ್ಟವನು ಬಸ್ಸಿನಲ್ಲಿ ಏನಂದಿದ್ದನೆಂದು ಕಂಡಕ್ಟರು ಈ ಸಲ ಬಾಯಿಬಿಟ್ಟು ಹೇಳಿದರು. ಕೊನೆಗೆ ಮ್ಯಾನೇಜರ್, "ಇನ್ನೊಂದು ಸಲ ಹೀಗಾದ್ರೆ ಕೀ ತೆಗೀತೀಯಾ?" ಎಂದು ಇವರನ್ನು ಕೇಳಿದರು.

"ಇಲ್ಲ ಸಾರ್, ಕೀ ತೆಗೆಯಲ್ಲ" ಅಂದರು ನಿನ್ನಣ್ಣ. ಸ್ವಲ್ಪ ಯೋಚಿಸಿ, "ಬಾಗಿಲು ತೆಗೀತೀನಿ" ಅಂದರು.

ಮ್ಯಾನೇಜರ್ ನಗು ತಡೆಯಲು ಫೈಲು ಮುಖಕ್ಕೆ ಹಿಡಿದುಕೊಂಡರು. ಒಂದು ಎಚ್ಚರಿಕೆಯ ಪತ್ರ ಕೊಟ್ಟು, ಬೇರೆ ಮಾರ್ಗಕ್ಕೆ ಹಾಕಿದ್ದಾರೆ. ಒಂದನೇ ತಾರೀಕಿನಿಂದ ಡ್ಯೂಟಿ. ನನ್ನ ಅಂಗಡಿಯ ಫ್ರೇಮುಗಳು ಮತ್ತೆ ಧೂಳು ಹಿಡಿಯುತ್ತವೆ, ಹಿಡಿಯಲಿ.

ನಾನು ನಿನಗೆ ಬರೆದುಬಿಟ್ಟಿದ್ದೇನೆಂದು ಅವರಿಗೆ ಹೇಳಿದೆ. ಬೈಯಲಿಲ್ಲ. "ಅವಳು ಏನಂದ್ಲು?" ಎಂದು ಮಾತ್ರ ಕೇಳಿದರು. ನಿನ್ನ ಕಾಗದ ಕೊಟ್ಟೆ. ಓದಿ ಜೇಬಿನಲ್ಲಿಟ್ಟುಕೊಂಡಿದ್ದಾರೆ, ವಾಪಸ್ಸು ಕೊಟ್ಟಿಲ್ಲ.

ಬಾ ಗಿಣಿ. ಯಾವಾಗ ಬೇಕಾದರೂ ಬಾ.

ಅತ್ತಿಗೆ


ಮೇ ೧೪

ಪ್ರೀತಿಯ ಅತ್ತಿಗೆ,

ತೀರ್ಮಾನ ಬಂತು. ಫೋನಿನ ತಂತಿ ಮತ್ತೆ ಸಿಕ್ಕಿಸಿದ್ದೇವೆ, ಕರೆ ಮಾಡಬಹುದಿತ್ತು. ಆದರೆ ನಿಮಗೆ ಬರೆದೇ ಹೇಳಬೇಕೆನಿಸಿತು.

ಮಂಡಳಿ ಅದನ್ನು ಅಸಭ್ಯತೆ ಅಲ್ಲ ಎಂದಿದೆ. ತಾಂತ್ರಿಕ ದೋಷ, ಚಾನೆಲ್ ತನ್ನ ವ್ಯವಸ್ಥೆ ಸರಿಪಡಿಸಿಕೊಳ್ಳಬೇಕು ಎಂದು ಬರೆದಿದ್ದಾರೆ. ಬಿಳಿ ಕೂದಲಿನವರು ಒಪ್ಪಲಿಲ್ಲ, ತಮ್ಮ ಅಭಿಪ್ರಾಯವನ್ನು ಬೇರೆಯಾಗಿ ಬರೆದಿದ್ದಾರೆ. ನನಗೆ ಅವರ ಮೇಲೆ ಬೇಸರವಿಲ್ಲ. ಬಾಗಿಲನ್ನು ಅವರು ಸರಿಯಾಗಿ ಹಿಡಿದಿದ್ದರು. ಅವರ ಅಭಿಪ್ರಾಯದ ಕೊನೆಗೆ ಒಂದು ಸಾಲಿದೆ: ಪ್ರತಿ ಸ್ಟುಡಿಯೋದಲ್ಲೂ ತಾಯಂದಿರಿಗೆ ಚಿಲಕ ನಿಲ್ಲುವ ಒಂದು ಕೋಣೆ ಇರಬೇಕು ಎಂದು. ನಮ್ಮಲ್ಲಿ ಹಳೆಯ ಟೇಪು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡುತ್ತಿದ್ದಾರೆ.

ನಿಮ್ಮಿಂದ ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಸ್ಟುಡಿಯೋದಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ಮೊದಲ ಕಾಗದದಲ್ಲಿ ಬರೆದದ್ದು ಸುಳ್ಳು. ಮಗುವನ್ನು ಒಳಗೆ ತಂದಳೆಂದು ಮೇಕಪ್ ಅಕ್ಕನನ್ನು ಆ ದಿನವೇ ಮನೆಗೆ ಕಳಿಸಿದ್ದರು. ಬರೆದರೆ ಅದು ಇನ್ನೂ ನಿಜವಾಗುತ್ತದೆ ಎಂಬಂತೆ ಹೆದರಿ ಬರೆಯಲಿಲ್ಲ. ತೀರ್ಮಾನ ಬಂದ ಮೇಲೆ ಮುಖ್ಯಸ್ಥರು ನನ್ನನ್ನು ವಾಪಸ್ಸು ಕರೆದಾಗ, ಅಕ್ಕ ಬಂದರೆ ನಾನೂ ಬರುತ್ತೇನೆ ಅಂದೆ. ಅವರು ಸಂತೋಷವಾಗಿಯೇ ಒಪ್ಪಿದರು. ಅಕ್ಕನಿಲ್ಲದೆ ಇಷ್ಟು ದಿನ ವಾರ್ತೆ ಓದುವವರೆಲ್ಲ ಹಿಟ್ಟಿನ ಡಬ್ಬಿಯಲ್ಲಿ ಬಿದ್ದೆದ್ದವರಂತೆ ಕಾಣುತ್ತಿದ್ದರಂತೆ.

ನಿನ್ನೆ ಅಕ್ಕನ ಮನೆಗೆ ಹೋಗಿ ಹೇಳಿದೆ. ಬಾಗಿಲಲ್ಲೇ ನಿಂತು ಗುಂಡನನ್ನು ಕಿತ್ತುಕೊಂಡು, "ನಿನ್ನಿಂದ ನನಗೆ ಎರಡು ತಿಂಗಳು ರಜಾ ಸಿಕ್ತು ನೋಡು ಮರಿ" ಎಂದು ಅವನಿಗೆ ಹೇಳಿದಳು. ಆಮೇಲೆ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಬರುವ ಸೋಮವಾರ ಬೆಳಗಿನ ವಾರ್ತೆ ನನ್ನದು. ಅಣ್ಣನಿಗೆ ಡ್ಯೂಟಿ ಇಲ್ಲದಿದ್ದರೆ ನೋಡಲು ಹೇಳಿ. ಆ ವಾರ ಮುಗಿಸಿ, ಗುಂಡನನ್ನು ಕರೆದುಕೊಂಡು ಬರುತ್ತೇವೆ.

ನಿಮ್ಮ
ಗಿಣಿ


ಮೇ ೨೨

ಗಿಣಿ,

ನೋಡಿದೆವು.

ಎಲ್ಲರೂ ಬೇಗ ಎದ್ದಿದ್ದೆವು. ಅತ್ತೆ ಸ್ನಾನ ಮಾಡಿ ಕೂತಿದ್ದರು, ಅವರೇ ವಾರ್ತೆ ಓದುವವರಂತೆ. ನಿನ್ನಣ್ಣನ ಡ್ಯೂಟಿ ಸ್ವಲ್ಪ ತಡ, ಆದರೂ ಯೂನಿಫಾರ್ಮ್ ಹಾಕಿಕೊಂಡು ಕೂರದೆ ನಿಂತೇ ಇದ್ದರು. ನೀನು ಪರದೆಯ ಮೇಲೆ ಬಂದಾಗ ಯಾರೂ ಉಸಿರು ಬಿಡಲಿಲ್ಲ. ನಿನ್ನ ಕೋಟಿನ ಗುಂಡಿಯನ್ನು ದೇಶವೆಲ್ಲ ನೋಡುತ್ತಿದೆ ಎಂದು ನನಗನಿಸಿತು. ಮೊದಲ ಸುದ್ದಿಯಲ್ಲಿ ನಿನ್ನ ದನಿ ಸ್ವಲ್ಪ ನಡುಗಿತು. ಎರಡನೆಯದರಲ್ಲಿ ನಡುಗಲಿಲ್ಲ. ಜಾಹೀರಾತಿನ ವಿರಾಮ ಬಂತು, ಸೋಪಿನ ಜಾಹೀರಾತು ಬಂತು, ಹೋಯಿತು. ನಿನ್ನಣ್ಣ ಆಗ ಕುರ್ಚಿ ಎಳೆದುಕೊಂಡು ಕೂತರು.

ಆಮೇಲೆ ನೀನು ಹವಾಮಾನ ಓದಿದೆ. "ನಿನ್ನೆ ಭಾರಿ ಮಳೆಯಾಗುವ ಸಾಧ್ಯತೆ ಇದೆ" ಅಂದೆ. ನಿನಗೆ ಗೊತ್ತಾಯಿತೋ ಇಲ್ಲವೋ.

ಅತ್ತೆ ಗಾಬರಿಯಿಂದ ಕಿಟಕಿ ನೋಡಿದರು. "ನಿನ್ನೆ ಮಳೆ ಬರುತ್ತಂತೆ, ಬಟ್ಟೆ ಒಳಗೆ ತಗೊಂಡ್ಯಾ?" ಅಂದರು ನನಗೆ. ನಿನ್ನಣ್ಣ ನಗಲು ಶುರು ಮಾಡಿದರು ನೋಡು, ಎರಡೂವರೆ ತಿಂಗಳಿಂದ ಆ ಸದ್ದು ಕೇಳಿರಲಿಲ್ಲ. ಕಣ್ಣು ಒರೆಸಿಕೊಂಡು, "ದೂರು ಕೊಡೋಣ ಬಿಡು ಇವಳ ಮೇಲೆ" ಅಂದರು. ಯಾರೂ ಕೊಟ್ಟಂತಿಲ್ಲ. ಪೇಪರಿನಲ್ಲಿ ಹುಡುಕಿದೆ, ನಿನ್ನ ಬಗ್ಗೆ ಒಂದಕ್ಷರ ಇಲ್ಲ. ಅಂಗಡಿಯಲ್ಲಿ ದಿನವಿಡೀ ಯಾರೂ ಆ ಮಾತೆತ್ತಲಿಲ್ಲ. ಜನರೀಗ ಯಾವನೋ ಆಟಗಾರ ಅಂಪೈರನ್ನು ಬೈದದ್ದನ್ನು ಹಿಡಿದುಕೊಂಡಿದ್ದಾರೆ.

ಕ್ರೀಡಾ ಸುದ್ದಿ ಬರುವ ಹೊತ್ತಿಗೆ ನಿನ್ನಣ್ಣ "ಸರಿ, ಇನ್ನೇನಿದೆ, ಮಾಮೂಲಿ" ಎಂದು ಎದ್ದು ಬೂಟು ಹಾಕಿಕೊಂಡು ಹೊರಟರು. ಅತ್ತೆಗೆ ಬೇಗ ಎದ್ದ ನಿದ್ದೆ, ಒಳಗೆ ಹೋಗಿ ಮಲಗಿದರು. ನನಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ನೀನು ಕೊನೆಗೆ ನಮಸ್ಕಾರ ಹೇಳಿದಾಗ ಟಿವಿಯ ಮುಂದೆ ಯಾರೂ ಇರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಅತ್ತಿಗೆ